ಉಳಿದ ನಲವತ್ತು ಮಾತ್ರೆಗಳು

ಫೆಬ್ರವರಿ ೩

ಪ್ರೀತಿಯ ಅಕ್ಕ,

ನಿನ್ನ ಕಾಗದ ನಿನ್ನೆ ಬಂತು. ಓದುವ ಮೊದಲೇ, ಬರೀ ಅಕ್ಷರ ನೋಡಿ ಗೊತ್ತಾಯಿತು, ನಿನ್ನ ಮಣಿಕಟ್ಟು ಇನ್ನೂ ನೋಯುತ್ತಿದೆ ಎಂದು. ಸಾಲುಗಳೆಲ್ಲ ಕಾಗದದ ಬಲತುದಿಗೆ ಹೋಗುವಷ್ಟರಲ್ಲಿ ಸುಸ್ತಾಗಿ ಕೆಳಗೆ ಜಾರಿವೆ. ಒಂದು ತಿಂಗಳಲ್ಲಿ ನಾಲ್ಕು ಸಾವಿರ ಪಠ್ಯಪುಸ್ತಕಕ್ಕೆ ಹೊಲಿಗೆ ಹಾಕಿ ರಟ್ಟು ಕೂರಿಸಬೇಕು ಎಂದರೆ ನಿನ್ನದು ಕೈಯೋ, ಯಂತ್ರವೋ? ನಿಮ್ಮ ಬೈಂಡಿಂಗ್ ಮಾಲೀಕರಿಗೆ ಹೇಳು, ನಲವತ್ತಾರು ವರ್ಷದ ಕೀಲು ಎಣ್ಣೆ ಬಿಡದಿದ್ದರೆ ತಿರುಗುವುದಿಲ್ಲ ಅಂತ.

ನಾನು ಬಟ್ಟೆ ಅಂಗಡಿಯ ಏಣಿಯಿಂದ ಬಿದ್ದು ನಿನ್ನೆಗೆ ಐದು ವಾರ. ಮೂಳೆಗೆ ಹಾಕಿದ ಪ್ಲೇಟು, ಸ್ಕ್ರೂ ಎಲ್ಲ ಸರಿಯಾಗಿ ಕೂತಿವೆಯಂತೆ. ಆದರೂ ಮಾರ್ಚ್ ತಿಂಗಳು ಅರ್ಧ ಕಳೆಯುವವರೆಗೆ ಕಾಲು ನೆಲಕ್ಕೆ ಊರುವ ಹಾಗಿಲ್ಲ. ಇವರು ಬೇಕರಿಗೆ ಹೋದ ಮೇಲೆ ಮನೆಯಲ್ಲಿ ನಾನು, ಕಿಟಕಿ, ಎದುರುಮನೆಯ ಬೆಕ್ಕು. ಬೆಕ್ಕಿಗೂ ನನ್ನನ್ನು ನೋಡಿ ನೋಡಿ ಬೇಸರ ಬಂದಿದೆ.

ಈಗ ಮುಖ್ಯ ವಿಷಯ. ಆಪರೇಷನ್ ಆದ ಮೇಲೆ ಡಾಕ್ಟರು ನನಗೆ ಬರೆದುಕೊಟ್ಟ ಮಾತ್ರೆ ಇದರ ಜೊತೆ ಇದೆ. ಮೆಟಮಿಜೋಲ್ ಅಂತ ಹೆಸರು. ನೋವಿಗೂ ಆಗುತ್ತದೆ, ಜ್ವರಕ್ಕೂ ಆಗುತ್ತದೆ. ಔಷಧಿ ಅಂಗಡಿಯವರು ಐವತ್ತರ ಡಬ್ಬಿ ಒಡೆಯುವುದಿಲ್ಲ ಎಂದು ಪೂರ್ತಿ ಕೊಟ್ಟುಬಿಟ್ಟರು. ಹತ್ತು ನುಂಗುವಷ್ಟರಲ್ಲಿ ನನ್ನ ನೋವು ಹತೋಟಿಗೆ ಬಂತು. ಉಳಿದ ನಲವತ್ತು ಸುಮ್ಮನೆ ಗೂಡಿನಲ್ಲಿ ಕೂತಿವೆ. ಡಾಕ್ಟರ ಹತ್ತಿರ ಹೋಗು ಎಂದರೆ ನೀನು ಹೋಗುವವಳಲ್ಲ. ಅವರು ಕಾಗದ ನೋಡಿಕೊಂಡೇ ಮಾತಾಡುತ್ತಾರೆ, ತುಟಿ ಕಾಣುವುದಿಲ್ಲ, ಮತ್ತೆ ಮತ್ತೆ ಕೇಳಿದರೆ ಹಿಂದೆ ಕೂತವರು ನಗುತ್ತಾರೆ ಅನ್ನುತ್ತೀಯ. ಅದಕ್ಕೇ ಇದು. ಊಟವಾದ ಮೇಲೆ ಒಂದು ತಗೋ. ಲಕೋಟೆ ದಪ್ಪವಾಗುತ್ತದೆ ಎಂದು ಡಬ್ಬಿ ಬಿಟ್ಟು ಬರೀ ಪಟ್ಟಿಗಳನ್ನು ಕಳಿಸಿದ್ದೇನೆ.

ನಿನ್ನ ತಂಗಿ


ಫೆಬ್ರವರಿ ೮

ಪುಟ್ಟಿ,

ಇದು ಮಾತ್ರೆಯೋ ಮಂತ್ರವೋ? ಶುಕ್ರವಾರ ಮಧ್ಯಾಹ್ನ ಒಂದು ನುಂಗಿ ಅರ್ಧ ಗಂಟೆ ಕೂತೆ. ಆಮೇಲೆ ಸೂಜಿ ಹಿಡಿದೆ ನೋಡು, ಕೈ ನನ್ನದೇ ಅಂತ ನಂಬಿಕೆ ಬರಲಿಲ್ಲ. ನಾಲ್ಕು ತಿಂಗಳಿಂದ ಪ್ರತಿ ಹೊಲಿಗೆಗೂ ಹಲ್ಲು ಕಚ್ಚುತ್ತಿದ್ದವಳು ಅವತ್ತು ನೂರಹತ್ತು ಪುಸ್ತಕ ಮುಗಿಸಿ ಎದ್ದೆ. ನಮ್ಮ ಅಂಟುರಾಯ (ಮಾಲೀಕರಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು, ಹಿಡಿದರೆ ಬಿಡುವುದಿಲ್ಲ) ಬಂದು ರಾಶಿ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಹೊಗಳುವುದು ಅಂದರೆ ಅವರಿಗೆ ಅಷ್ಟೇ.

ದಿನಕ್ಕೆ ಎರಡು ತಗೊಳ್ಳುತ್ತಿದ್ದೇನೆ, ಹೆಚ್ಚಿಲ್ಲ. ಬೆನ್ನಿನ ನೋವೂ ಹೋಗಿದೆ. ಬೆಳಗ್ಗೆ ಮೂರು ಮಹಡಿ ಇಳಿಯುವಾಗ ಕಟಕಟ ಎನ್ನುತ್ತಿದ್ದ ಮಂಡಿ ಈಗ ಸುಮ್ಮನಿದೆ. ನನಗೆ ಕೇಳಿಸದೆ ಸುಮ್ಮನಿದೆಯೋ ಏನೋ, ಅದು ಬೇರೆ ಮಾತು!

ನೀನು ಕಾಲು ಚಾಚಿಕೊಂಡೇ ಇರು. ಬೇಕರಿಯವರಿಗೆ ನನ್ನ ನೆನಪು ಹೇಳು. ಹೆಂಡತಿಗೆ ಬಡಿಸುವ ಭಾಗ್ಯ ಮತ್ತೆ ಮತ್ತೆ ಸಿಗುವುದಿಲ್ಲ ಅನ್ನು.

ಅಕ್ಕ


ಫೆಬ್ರವರಿ ೧೩

ಪ್ರೀತಿಯ ಅಕ್ಕ,

ನೋವು ಕಡಿಮೆಯಾಗಿದ್ದು ಸಂತೋಷ.

ಒಂದು ವಿಷಯ ಕೇಳುತ್ತೇನೆ, ಸರಿಯಾಗಿ ಎಣಿಸಿ ಬರೆ. ಮಾತ್ರೆ ಈಗ ಎಷ್ಟು ಉಳಿದಿವೆ? ಇನ್ನು ತಗೊಳ್ಳಬೇಡ, ಹಾಗೇ ಎತ್ತಿಡು. ಕೈಗೆ ಬಿಸಿನೀರಿನ ಶಾಖ ಕೊಡು, ನಾಲ್ಕು ದಿನ ರಜೆ ಹಾಕು. ನಿನಗೆ ಬೇರೆ ಏನೂ ತೊಂದರೆ ಇಲ್ಲ ತಾನೇ? ಗಂಟಲು, ಬಾಯಿ, ಎಲ್ಲ ಚೆನ್ನಾಗಿದೆ ತಾನೇ? ಸುಮ್ಮನೆ ಕೇಳಿದೆ. ಮನೆಯಲ್ಲಿ ಕೂತವರಿಗೆ ಇಲ್ಲದ ಯೋಚನೆಗಳು ಬರುತ್ತವೆ.

ಬೇಗ ಉತ್ತರ ಬರೆ. ಈ ಸಲ ಭಾನುವಾರಕ್ಕೆ ಕಾಯಬೇಡ.

ತಂಗಿ


ಫೆಬ್ರವರಿ ೧೭

ಪುಟ್ಟಿ,

ಎಣಿಸಿ ಬರೆ ಎಂದೆಯಲ್ಲ, ಆ ಮಾತು ಮುಳ್ಳಿನ ಹಾಗೆ ಚುಚ್ಚಿತು. ಕೊಟ್ಟದ್ದನ್ನು ತಿರುಗಿ ಕೇಳುವುದಿದ್ದರೆ ನೇರವಾಗಿ ಕೇಳಬಹುದಿತ್ತು. ನಿನ್ನ ಕಾಲು ಮತ್ತೆ ನೋಯುತ್ತಿದ್ದರೆ ಹಾಗಂತ ಬರೆ, ಇರುವುದನ್ನು ನಾಳೆಯೇ ಕಳಿಸುತ್ತೇನೆ. ನಾನು ಹಾಳು ಮಾಡಿಲ್ಲ. ಕತ್ತರಿಸುವ ಯಂತ್ರದ ಹತ್ತಿರ ಕೆಲಸ ಮಾಡುವ ಅಣ್ಣ ಸೊಂಟ ಹಿಡಿದುಕೊಂಡು ನರಳುತ್ತಿದ್ದರು, ಅವರಿಗೆ ಎರಡು ಕೊಟ್ಟೆ. ನಿನ್ನ ಕೈಗುಣದ ಕೀರ್ತಿ ಇಲ್ಲಿಯವರೆಗೂ ಬಂತಲ್ಲ ಎಂದು ಹೆಮ್ಮೆಯಿಂದಲೇ ಕೊಟ್ಟೆ.

ಸರಿ, ಕೋಪ ಇಲ್ಲಿಗೆ ಸಾಕು. ನನಗೂ ಮೈ ಸರಿಯಿಲ್ಲ, ಅದಕ್ಕೆ ಸಿಡಿಸಿಡಿ. ಮೂರು ದಿನದಿಂದ ಗಂಟಲು ಕಟ್ಟಿದೆ. ರಟ್ಟಿನ ದೂಳು ಇರಬೇಕು. ನೀರು ನುಂಗಿದರೂ ಗಾಜಿನ ಚೂರು ಇಳಿದ ಹಾಗಾಗುತ್ತದೆ. ಚಳಿ ಬಂದು ಹಲ್ಲು ಕಟಕಟಿಸುತ್ತದೆ, ಆಮೇಲೆ ಜ್ವರ. ಆದರೆ ನಿನ್ನ ಮಾತ್ರೆ ಇದೆಯಲ್ಲ, ಜ್ವರಕ್ಕೂ ಆಗುತ್ತದೆ ಎಂದು ನೀನೇ ಬರೆದಿದ್ದೆ. ಒಂದು ನುಂಗಿದರೆ ಬೆವರು ಕಿತ್ತು ಮೈ ತಣ್ಣಗಾಗುತ್ತದೆ. ನಾಲ್ಕೈದು ಗಂಟೆ ಬಿಟ್ಟು ಮತ್ತೆ ಬರುತ್ತದೆ. ಮತ್ತೆ ಒಂದು. ಇವತ್ತು ಕೆಲಸಕ್ಕೆ ಹೋಗಿ ಬಂದೆ. ಇನ್ನು ಆರುನೂರು ಪುಸ್ತಕ ಅಷ್ಟೇ.

ಬಾಯಿ ಚೆನ್ನಾಗಿದೆಯಾ ಎಂದು ಕೇಳಿದ್ದೆ. ಒಳತುಟಿಯಲ್ಲಿ ಒಂದೆರಡು ಹುಣ್ಣು. ಅದು ನಿನಗೆ ಹೇಗೆ ಗೊತ್ತಾಯಿತು?

ಅಕ್ಕ


ಫೆಬ್ರವರಿ ೨೦, ಬೆಳಗ್ಗೆ ಹನ್ನೊಂದು ಗಂಟೆ

ಅಕ್ಕಾ,

ಈ ಕಾಗದ ನಿನ್ನ ಕೈ ಸೇರಲು ಮೂರು ದಿನ ಬೇಕು ಎಂದು ಗೊತ್ತಿದೆ. ಆದರೂ ಬರೆಯುತ್ತಿದ್ದೇನೆ. ಬರೆಯದಿದ್ದರೆ ಈ ಕುರ್ಚಿಯಲ್ಲಿ ಕೂತು ಕೂಗಿಬಿಡುತ್ತೇನೆ.

ಇವತ್ತು ಬೆಳಗ್ಗೆ ಇವರ ಹೆಗಲು ಹಿಡಿದುಕೊಂಡು ಕಾಲು ತೋರಿಸಲು ಹೋಗಿದ್ದೆ. ಡಾಕ್ಟರು ಎಕ್ಸ್‌ರೇ ಚಿತ್ರ ನೋಡಿ, “ಚೆನ್ನಾಗಿ ಕೂಡ್ತಾ ಇದೆ. ನೋವಿನ ಮಾತ್ರೆ ನಿಲ್ಲಿಸಿದೀರಲ್ವಾ? ಮಿಕ್ಕಿದ್ದನ್ನ ಮನೇಲಿ ಇಟ್ಕೋಬೇಡಿ, ತಂದು ಕೊಟ್ಬಿಡಿ” ಎಂದರು.

“ಇಲ್ಲ ಸಾರ್, ಅಕ್ಕನಿಗೆ ಕಳಿಸಿದೆ.”

ಅವರು ಪೆನ್ನು ಕೆಳಗಿಟ್ಟರು.

“ಅವರನ್ನ ಯಾವ ಡಾಕ್ಟರಾದ್ರೂ ನೋಡಿದಾರಾ?”

“ಇಲ್ಲ.”

“ನೋಡಮ್ಮಾ, ಇದು ಎಲ್ಲರಿಗೂ ಆಗೋದಲ್ಲ. ತುಂಬಾ ಅಪರೂಪ. ಆದ್ರೆ ಕೆಲವರಿಗೆ ಈ ಮಾತ್ರೆ ರಕ್ತದಲ್ಲಿರೋ ಬಿಳಿ ಕಣಗಳನ್ನ ಅಳಿಸಿಹಾಕಿಬಿಡುತ್ತೆ. ಸೋಂಕಿನ ಜೊತೆ ಹೊಡೆದಾಡೋವು ಅವೇ. ಅವು ಹೋದ್ರೆ ಸಣ್ಣ ಗಂಟಲು ನೋವೂ ಜೀವ ತೆಗೀಬಹುದು. ಒಂದು ತಗೊಂಡ್ರೂ ಆಗಬಹುದು, ವಾರಗಟ್ಟಲೆ ತಗೊಂಡ ಮೇಲೂ ಆಗಬಹುದು. ಗಂಟಲು ನೋವು, ಚಳಿಜ್ವರ, ಬಾಯಲ್ಲಿ ಹುಣ್ಣು, ಇವಿಷ್ಟರಲ್ಲಿ ಯಾವುದು ಕಂಡ್ರೂ ಆ ಕ್ಷಣಾನೇ ಮಾತ್ರೆ ನಿಲ್ಲಿಸಿ ಅವತ್ತೇ ರಕ್ತ ತೋರಿಸಬೇಕು. ಇನ್ನೊಂದು ಮೋಸ ಏನಂದ್ರೆ, ಜ್ವರ ಬಂದ್ರೆ ಇದೇ ಮಾತ್ರೆ ಆ ಜ್ವರಾನ ಮುಚ್ಚಿಡುತ್ತೆ. ವಾಸಿಯಾಯ್ತು ಅಂದ್ಕೋತಾರೆ.”

ಮನೆಗೆ ಬಂದೆ. ಬಾಗಿಲ ಸಂದಿಯಲ್ಲಿ ನಿನ್ನ ಕಾಗದ ಬಿದ್ದಿತ್ತು. ಗಂಟಲು. ಚಳಿ. ಹುಣ್ಣು. ಡಾಕ್ಟರು ಹೇಳಿದ್ದನ್ನೇ ನೀನು ಒಂದೂ ಬಿಡದೆ ಬರೆದಿದ್ದೀಯ. ಅದರ ಮೇಲಿನ ದಿನಾಂಕ ಹದಿನೇಳು. ಇವತ್ತು ಇಪ್ಪತ್ತು.

ಅಕ್ಕ, ಮಾತ್ರೆ ಮುಟ್ಟಬೇಡ. ಮುಟ್ಟಬೇಡ. ಮುಟ್ಟಬೇಡ. ಈ ಕಾಗದ ನಿನಗೆ ಕೇಳಿಸುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಹನ್ನೆರಡು ಗಂಟೆ

ನಿಮ್ಮ ಬೈಂಡಿಂಗ್ ಮನೆಗೆ ಫೋನ್ ಮಾಡಿದೆ. ಅಂಟುರಾಯರೇ ಎತ್ತಿದರು.

“ಅವರು ಎರಡು ದಿನದಿಂದ ಬಂದಿಲ್ಲವಲ್ಲಮ್ಮಾ. ಜ್ವರ ಅಂತ ಚೀಟಿ ಕಳಿಸಿದ್ರು. ರೆಸ್ಟ್ ತಗೊಳ್ಳಲಿ ಅಂತ ನಾವೂ ಸುಮ್ಮನಿದೀವಿ.”

“ಯಾರಾದ್ರೂ ಹೋಗಿ ನೋಡಿದೀರಾ?”

“ಇಲ್ಲಮ್ಮಾ, ಇನ್ನೂ ಯಾರೂ ಹೋಗಿಲ್ಲ.”

“ಸಾರ್, ಈಗಲೇ ಯಾರನ್ನಾದ್ರೂ ಕಳಿಸಿ. ಬಾಗಿಲು ತಟ್ಟಿ ವಾಪಸ್ ಬರಬೇಡಿ ಅಂತ ಹೇಳಿ. ಎಷ್ಟು ತಟ್ಟಿದ್ರೂ ಅವಳಿಗೆ ಕೇಳಿಸಲ್ಲ. ಒಳಗಿಂದ ಚಿಲಕ ಹಾಕಿರ್ತಾಳೆ. ಒಡೀಲಿ. ಬಾಗಿಲಿನ ಖರ್ಚು ನಂದು.”

ಅವರು ಅರ್ಧ ನಿಮಿಷ ಯಾರ ಜೊತೆಗೋ ಮಾತಾಡಿದರು. ಆಮೇಲೆ ಹೇಳಿದರು, “ಕಟಿಂಗ್ ಅಣ್ಣ ಹೊರಟ. ನಾನೂ ಹೋಗ್ತೀನಿ.” ಅಕ್ಕ, ಆ ಮನುಷ್ಯನಿಗೆ ಇನ್ನು ಮುಂದೆ ಆ ಹೆಸರು ಕರೆಯಬೇಡ.

ಎಷ್ಟೋ ಹೊತ್ತಿನಿಂದ ಫೋನಿನ ಮುಂದೆ ಕೂತಿದ್ದೇನೆ. ನೀನು ಮಲಗಿದ್ದೀಯ, ಅಷ್ಟೇ. ಬಾಗಿಲು ತಟ್ಟಿದರೆ ಏಳುವುದಿಲ್ಲ, ಅದು ಹೊಸದೇನಲ್ಲ. ಚಿಕ್ಕಂದಿನಲ್ಲಿ ನಿನ್ನನ್ನು ಎಬ್ಬಿಸಲು ನಾನು ನಿನ್ನ ಕಾಲಿನ ಹೆಬ್ಬೆರಳು ಎಳೆಯುತ್ತಿದ್ದೆ. ಯಾರಾದರೂ ಹೆಬ್ಬೆರಳು ಎಳೆಯಿರಿ ಎಂದು ಹೇಳಿ ಕಳಿಸಬೇಕಿತ್ತು.

ಎರಡೂಕಾಲು

ನೀನು ಸಿಕ್ಕಿದೆ. ಬಾಗಿಲ ಮೇಲಿನ ಗಾಜು ಒಡೆದು ಕೈ ಹಾಕಿ ಚಿಲಕ ತೆಗೆದರಂತೆ. ಮಂಚದ ಪಕ್ಕ ನೆಲದ ಮೇಲೆ ಇದ್ದೆಯಂತೆ. ಉಸಿರಿದೆ ಎಂದರು. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಮಾತ್ರೆಯ ಹೆಸರನ್ನು ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿ ಬರೆಸಿದ್ದೇನೆ. ಮೇಜಿನ ಮೇಲೆ ಎರಡು ಮಾತ್ರೆ ಉಳಿದಿದ್ದವಂತೆ. ಎರಡೇ.

ನಲವತ್ತರಲ್ಲಿ ಎರಡು.


ಫೆಬ್ರವರಿ ೨೩

ಅಕ್ಕ,

ಆಸ್ಪತ್ರೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ದಿನಕ್ಕೆ ಎರಡು ಸಲ ಫೋನ್ ಮಾಡುತ್ತೇನೆ. “ಹಾಗೇ ಇದಾರೆ” ಎನ್ನುತ್ತಾರೆ. ಹಾಗೇ ಅಂದರೆ ಹೇಗೆ ಎಂದು ಕೇಳಿದರೆ, “ನೋಡಬೇಕಮ್ಮಾ” ಎನ್ನುತ್ತಾರೆ. ಬಿಳಿ ಕಣಗಳು ಇಲ್ಲವೇ ಇಲ್ಲ ಅನ್ನುವಷ್ಟು ಕೆಳಗಿಳಿದಿವೆಯಂತೆ. ಹೊರಗಿನವರನ್ನು ಒಳಗೆ ಬಿಡುವುದಿಲ್ಲವಂತೆ. ಇವರು ನಾಳೆ ಬಸ್ಸಿಗೆ ಬರುತ್ತಾರೆ, ಗಾಜಿನ ಆಚೆಯಿಂದಾದರೂ ನಿನ್ನನ್ನು ನೋಡಿ ನನಗೆ ಹೇಳಲಿ. ನಾನು ಬರುತ್ತೇನೆ ಎಂದು ಹಟ ಹಿಡಿದೆ. ಒಂದು ಮೆಟ್ಟಿಲು ಇಳಿಯುವಷ್ಟರಲ್ಲಿ ಬಿದ್ದೆ. ಏನೂ ಆಗಿಲ್ಲ, ಹೆದರಬೇಡ.

ಒಂದು ಮಾತು ನಿನಗೆ ಹೇಳಬೇಕು. ನೀನು ಎಚ್ಚರವಾದ ಮೇಲೆ ಹೇಳೋಣ ಎಂದುಕೊಂಡೆ. ಆಗಲ್ಲ, ಈಗಲೇ ಹೇಳುತ್ತೇನೆ. ಎಚ್ಚರವಾಗದಿದ್ದರೆ ಎಂದು ಹೆದರಿಕೆ.

ಲಕೋಟೆ ದಪ್ಪವಾಗುತ್ತದೆ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಡಬ್ಬಿಯಲ್ಲಿ ಒಂದು ಚೀಟಿ ಇತ್ತು. ಮಡಿಕೆ ಮಡಿಕೆಯಾಗಿ, ಇರುವೆ ಸಾಲಿನಂಥ ಅಕ್ಷರ. ನಿನಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಅಭ್ಯಾಸ. ಅದನ್ನು ಓದಿದರೆ ಹೆದರಿ ಮಾತ್ರೆ ಪಕ್ಕಕ್ಕಿಡುತ್ತೀಯ, ನೋವು ತಿನ್ನುತ್ತಾ ಕೂರುತ್ತೀಯ ಎಂದು ತೆಗೆದಿಟ್ಟುಕೊಂಡೆ. ನಾನೂ ಓದಿರಲಿಲ್ಲ. ಹನ್ನೆರಡನೇ ತಾರೀಕು ಹೊತ್ತು ಹೋಗದೆ ಓದಿದೆ. ಗಂಟಲು, ಜ್ವರ, ಬಾಯಿಹುಣ್ಣು, ಎಲ್ಲ ಅದರಲ್ಲಿತ್ತು. ಇವರಿಗೆ ತೋರಿಸಿದೆ. “ಔಷಧಿ ಚೀಟಿ ಓದಿದ್ರೆ ನೀರು ಕುಡಿಯೋಕೂ ಭಯ ಆಗುತ್ತೆ ಕಣೆ” ಎಂದು ನಕ್ಕರು. ಅವರು ನಕ್ಕಿದ್ದು ನನಗೂ ಬೇಕಾಗಿತ್ತು. ಅವತ್ತೇ ಫೋನ್ ಮಾಡಬಹುದಿತ್ತು. ಮಾಡಿದರೆ ನಾನು ತಪ್ಪು ಮಾಡಿದ್ದೇನೆ ಎಂದು ಒಪ್ಪಿದ ಹಾಗಾಗುತ್ತದಲ್ಲ. ಅದಕ್ಕೆ ‘ಸುಮ್ಮನೆ ಕೇಳಿದೆ’ ಎಂದು ಬರೆದೆ. ‘ಹೆಚ್ಚು ಕಡಿಮೆಯಾದರೆ ಜೀವಕ್ಕೆ ಅಪಾಯ’ ಎಂದು ಬರೆಯಬೇಕಾದ ಕಡೆ ‘ಎಷ್ಟು ಉಳಿದಿವೆ’ ಎಂದು ಬರೆದೆ.

ಆ ಎಂಟು ದಿನ ನಿನ್ನಿಂದ ಕಿತ್ತುಕೊಂಡವಳು ನಾನು.

ಬೈಯಲಿಕ್ಕಾದರೂ ಎದ್ದು ಕೂರು ಅಕ್ಕ.

ತಂಗಿ


ಮಾರ್ಚ್ ೨

ಪುಟ್ಟಿ,

ಬದುಕಿದ್ದೇನೆ. ಅಕ್ಷರ ನೋಡಿ ಅಳಬೇಡ. ಕೈಯಲ್ಲಿ ಸೂಜಿ ಚುಚ್ಚಿಟ್ಟಿದ್ದಾರೆ, ಇಷ್ಟು ದಿನ ನಾನು ಚುಚ್ಚಿದ್ದಕ್ಕೆಲ್ಲ ಸೇಡು.

ನಿನ್ನ ಕಾಗದ ಮೂರು ದಿನದ ಹಿಂದೆಯೇ ಕೊಟ್ಟರು. ಉತ್ತರ ಬರೆಯಲು ಕೈಗಿಂತ ಮನಸ್ಸಿಗೆ ಹೆಚ್ಚು ಹೊತ್ತು ಬೇಕಾಯಿತು. ಕೋಪ ಬಂತು. ಇನ್ನೂ ಇದೆ. ಒಳಗೇ ಇಟ್ಟುಕೊಂಡರೆ ಕೊಳೆಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಓದಿ ಹೆದರುತ್ತೇನೆ ಎಂದು ಚೀಟಿ ತೆಗೆದಿಟ್ಟೆಯಲ್ಲ, ಕಿವಿ ಕೇಳದವಳಿಗೆ ಓದುವುದೊಂದೇ ದಾರಿ ಎಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೆದರುವುದೂ ನನ್ನ ಹಕ್ಕೇ. ಅದನ್ನು ನೀನು ನನ್ನ ಪರವಾಗಿ ತಿಂದುಬಿಟ್ಟೆ.

ಇಷ್ಟು ಬರೆದ ಮೇಲೆ ನನ್ನದನ್ನೂ ಹೇಳಲೇಬೇಕು. ದಿನಕ್ಕೆ ಎರಡು ಎಂದು ಬರೆದಿದ್ದೆ. ಮೊದಲ ವಾರ ಎರಡೇ. ಆಮೇಲೆ ಮೂರು. ಜ್ವರ ಬಂದ ಮೇಲೆ ಎಣಿಸಲಿಲ್ಲ. ಎರಡನೇ ಕಾಗದದಲ್ಲಿ ತಗೊಳ್ಳಬೇಡ ಎಂದು ನೀನು ಬರೆದದ್ದನ್ನು ಓದಿದ ಮೇಲೂ ನುಂಗಿದೆ. ನಿನಗೆ ಮಾತ್ರೆ ವಾಪಸ್ ಬೇಕೇನೋ ಎಂದು ಸಿಟ್ಟಾಗಿ, ಅವತ್ತು ಬೇಕೆಂತಲೇ ಎರಡು ಒಟ್ಟಿಗೆ ನುಂಗಿದೆ. ನಲವತ್ತಾರು ವರ್ಷದ ಹೆಂಗಸು, ಎಂಟು ವರ್ಷದವಳ ಹಟ.

ಇಲ್ಲಿಯ ದಿನಗಳನ್ನು ಹೇಗೆ ಹೇಳಲಿ? ಕಣ್ಣು ಬಿಟ್ಟಾಗ ಸುತ್ತ ಇದ್ದವರೆಲ್ಲ ಮೂಗು ಬಾಯಿ ಕಟ್ಟಿಕೊಂಡಿದ್ದರು. ನನ್ನ ಮೈಯಲ್ಲಿ ತಡೆಯುವ ಶಕ್ತಿ ಇಲ್ಲ, ಅವರ ಉಸಿರು ತಾಗಬಾರದು ಎಂದು ಹಾಗೆ. ನನಗೆ ಅದು ಗೊತ್ತಿಲ್ಲ. ಯಾರ ತುಟಿಯೂ ಕಾಣದು. ಬರೀ ಕಣ್ಣುಗಳು. ಅವರು ಒಬ್ಬರನ್ನೊಬ್ಬರು ನೋಡುತ್ತಾರೆ, ನನ್ನ ಕಡೆ ನೋಡುತ್ತಾರೆ, ಬಟ್ಟೆಯ ಹಿಂದೆ ದವಡೆ ಆಡುತ್ತದೆ. ನಾನು ಸಾಯುತ್ತಿದ್ದೇನೆ, ಅದಕ್ಕೇ ಬಾಯಿ ಮುಚ್ಚಿಕೊಂಡು ಮಾತಾಡುತ್ತಿದ್ದಾರೆ ಎಂದುಕೊಂಡೆ. ಎರಡು ದಿನ ಹಾಗೇ ನಂಬಿದ್ದೆ. ಗಂಟಲಿಂದ ಎಂಜಲೂ ಇಳಿಯುತ್ತಿರಲಿಲ್ಲ, ಏನಾಗಿದೆ ಎಂದು ಕೇಳಲು ದನಿ ಎಲ್ಲಿಂದ ಬರಬೇಕು? ಮೂರನೇ ದಿನ ಒಬ್ಬ ಗಿಡ್ಡ ನರ್ಸಮ್ಮ ನನ್ನ ಪೇಚಾಟ ನೋಡಿ ಸ್ಲೇಟು ತಂದಳು. ಮೊದಲು ಬರೆದದ್ದು, ‘ನಿಮ್ಮ ತಂಗಿ ಫೋನ್ ಮಾಡ್ತಾನೇ ಇದಾರೆ, ನಮ್ಮ ಪ್ರಾಣ ತಿಂತಿದಾರೆ.’ ಆಗ ಸಾವಿನ ಭಯ ಸ್ವಲ್ಪ ಹಿಂದೆ ಸರಿಯಿತು.

ಮೂಳೆಯೊಳಗೆ ರಕ್ತ ತಯಾರಾಗುವ ಜಾಗವನ್ನು ಎಬ್ಬಿಸಲು ದಿನಾ ಒಂದು ಚುಚ್ಚುಮದ್ದು ಕೊಟ್ಟರು. ಏಳನೇ ದಿನ ಬಿಳಿ ಕಣ ಏರತೊಡಗಿದವು. ಇನ್ನು ಮುಂದೆ ಆ ಮಾತ್ರೆಯನ್ನಾಗಲಿ, ಆ ಜಾತಿಯ ಬೇರೆ ಮಾತ್ರೆಯನ್ನಾಗಲಿ ಜೀವಮಾನದಲ್ಲಿ ಮುಟ್ಟಬಾರದು ಎಂದು ಕಾರ್ಡು ಬರೆದುಕೊಟ್ಟಿದ್ದಾರೆ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನು ತೋರಿಸಬೇಕು. ಬೇಕರಿಯವರು ಗಾಜಿನ ಆಚೆ ನಿಂತು ಅತ್ತರು. ಅಳುವಾಗ ಮೀಸೆ ಅಲ್ಲಾಡುವುದು ನೋಡಿ ನನಗೆ ನಗು ಬಂತು, ಅವರಿಗೆ ಹೇಳಬೇಡ.

ಒಂದು ವಿಷಯ ಮಾತ್ರ ನನ್ನನ್ನು ಮಲಗಲು ಬಿಡುತ್ತಿಲ್ಲ. ಡಾಕ್ಟರು ಲೆಕ್ಕ ಕೇಳಿದರು. ಮೇಜಿನ ಮೇಲೆ ಎರಡು. ಕಟಿಂಗ್ ಅಣ್ಣನಿಗೆ ಎರಡು. ಅವರು ನುಂಗಿದ್ದರು, ಕರೆಸಿ ರಕ್ತ ನೋಡಿದರು, ಏನೂ ಆಗಿಲ್ಲ. ಇನ್ನೆರಡು ಇವೆ. ಹತ್ತನೇ ತಾರೀಕು ಬೆಳಗ್ಗೆ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಕೂತಿದ್ದಳು. ಹಣೆ ಒತ್ತಿಕೊಂಡು ಕಣ್ಣೀರು ಹಾಕುತ್ತಿದ್ದಳು. ತಲೆನೋವಾ ಎಂದು ಸನ್ನೆ ಮಾಡಿದೆ, ಹೌದೆಂದಳು. ಪಟ್ಟಿ ಕತ್ತರಿಸಿ ಎರಡು ಮಾತ್ರೆ ಅವಳ ಅಂಗೈಯಲ್ಲಿಟ್ಟೆ. ಆ ಚೂರಿನಲ್ಲಿ ಹೆಸರು ಕೂಡ ಪೂರ್ತಿ ಇರಲಿಲ್ಲ. ಅವಳು ಯಾರೋ, ಎಲ್ಲಿಯವಳೋ. ಅವಳಿಗೆ ಗಂಟಲು ನೋವು ಬಂದರೆ ಯಾರು ಫೋನ್ ಮಾಡುತ್ತಾರೆ?

ಅಕ್ಕ


ಮಾರ್ಚ್ ೬

ಪ್ರೀತಿಯ ಅಕ್ಕ,

ನಿನ್ನ ಕಾಗದ ಎದೆಗೆ ಒತ್ತಿಕೊಂಡು ಕೂತಿದ್ದೆ, ಇವರು ಬಂದು ಕಾಫಿ ಆರುತ್ತಿದೆ ಎಂದು ಎಬ್ಬಿಸಿದರು. ಕೋಪ ಇರಲಿ. ಎಷ್ಟು ದಿನ ಬೇಕಾದರೂ ಇರಲಿ. ಬರೆಯುತ್ತಾ ಇರು, ಅಷ್ಟು ಸಾಕು.

ಬಸ್ಸಿನ ಹೆಂಗಸಿನ ವಿಷಯ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. “ಎರಡು ಮಾತ್ರೆಯಿಂದ ಆಗೋ ಸಾಧ್ಯತೆ ತೀರಾ ಕಡಿಮೆ. ಇಷ್ಟು ದಿನ ಕಳೆದಿದೆ, ಏನೂ ಆಗಿರಲ್ಲ” ಎಂದರು. ತುಂಬಾ ಅಪರೂಪ ಎಂದು ಅವತ್ತೂ ಹೇಳಿದ್ದರು, ನಿನ್ನ ಕಾಗದ ನೋಡುವ ಒಂದು ಗಂಟೆ ಮುಂಚೆ. ಆ ಮಾತಿಗೆ ಈಗ ನನಗೆ ಧೈರ್ಯ ಬರುವುದಿಲ್ಲ. ಅವಳು ಇನ್ನೂ ನುಂಗದೆ ಇಟ್ಟುಕೊಂಡಿದ್ದರೆ? ಯಾವುದೋ ಮಗುವಿಗೆ ಜ್ವರ ಬಂದಾಗ ಅರ್ಧ ಮುರಿದು ಕೊಟ್ಟರೆ?

ನಾನು ಕಳಿಸಿದ ಲಕೋಟೆ ಎಲ್ಲೆಲ್ಲಿ ಹೋಗಿ ಕೂತಿದೆ ನೋಡು. ನಾನು ಈ ಕುರ್ಚಿಯಲ್ಲಿ ಕೂತು ಏನು ಮಾಡಲಿ, ಹೇಳು.

ನಿನ್ನ ಮೈ ನೋಡಿಕೋ. ಸ್ವಲ್ಪ ಬಿಸಿ ಅನ್ನಿಸಿದರೂ ಆಸ್ಪತ್ರೆಗೆ ಹೋಗು. ಕಾರ್ಡು ಚೀಲದಲ್ಲೇ ಇರಲಿ.

ತಂಗಿ


ಮಾರ್ಚ್ ೨೧

ಪುಟ್ಟಿ,

ಒಂಬತ್ತನೇ ತಾರೀಕು ಮನೆಗೆ ಬಿಟ್ಟರು. ಬಾಗಿಲಿಗೆ ಹೊಸ ಗಾಜು ಹಾಕಿಸಿದ್ದು ಮಾಲೀಕರೇ. ಎಷ್ಟಾಯಿತು ಎಂದರೆ ಕನ್ನಡಕ ಒರೆಸಿಕೊಂಡು ಹೋದರು.

ಹನ್ನೊಂದರಿಂದ ದಿನಾ ಬೆಳಗ್ಗೆ ಅದೇ ಹೊತ್ತಿಗೆ ಅದೇ ಬಸ್ಸು ಹತ್ತಿದೆ. ಕೆಲಸಕ್ಕೆ ಹೋಗಲು ಇನ್ನೂ ಅಪ್ಪಣೆ ಇಲ್ಲ. ಸುಮ್ಮನೆ ಕೊನೆಯವರೆಗೆ ಹೋಗಿ ತಿರುಗಿ ಬರುತ್ತಿದ್ದೆ. ಕಂಡಕ್ಟರಿಗೆ ಚೀಟಿ ಬರೆದು ಕೇಳಿದೆ. ಆತ ತಲೆ ಕೆರೆದುಕೊಂಡು, ದಿನಕ್ಕೆ ಸಾವಿರ ಜನ ತಲೆನೋವಿನವರು ಹತ್ತುತ್ತಾರೆ ಎಂದು ಬರೆದುಕೊಟ್ಟ. ನನಗೆ ನೆನಪಿದ್ದುದು ಬೂದುಬಣ್ಣದ ಕೋಟು ಮತ್ತು ಬೆರಳ ಸಂದಿಯಲ್ಲಿ ಬಿಳಿಚಿಕೊಂಡಿದ್ದ ಚರ್ಮ. ಸೋಪಿನ ನೀರಿನಲ್ಲಿ ಕೆಲಸ ಮಾಡುವವರ ಕೈ. ಪ್ರತಿ ನಿಲ್ದಾಣದಲ್ಲೂ ಹತ್ತುವವರ ಕೈಗಳನ್ನೇ ನೋಡುತ್ತಿದ್ದೆ. ಆರನೇ ದಿನ ಹಿಂದಿನ ಸೀಟಿನವರು ಅವರವರೇ ಏನೋ ತೋರಿಸಿಕೊಂಡು ನಗುವುದು ಕಂಡಿತು. ನಗಲಿ ಎನ್ನಿಸಿತು. ಎಂಟನೇ ದಿನ ನನಗೇ ಭಯ ಹುಟ್ಟಿತು. ಅವಳು ಈ ಬಸ್ಸಿಗೆ ಬರದೇ ಇರುವುದಕ್ಕೆ ಒಂದೇ ಒಂದು ಕಾರಣ ಇದೆ ಎಂದು ಮನಸ್ಸು ಹೇಳಲು ಶುರು ಮಾಡಿತು. ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ.

ನಿನ್ನೆ ಹತ್ತಿದಳು.

ಕೋಟು ಬೇರೆ, ಕೈ ಅದೇ. ಜನರನ್ನು ತಳ್ಳಿಕೊಂಡು ಹೋಗಿ ಮುಂದೆ ನಿಂತೆ. ಬರೆದಿಟ್ಟುಕೊಂಡಿದ್ದ ಚೀಟಿ ಕೊಟ್ಟೆ: ‘ಹೋದ ತಿಂಗಳು ತಲೆನೋವಿಗೆ ಎರಡು ಮಾತ್ರೆ ಕೊಟ್ಟವಳು ನಾನು. ಅದನ್ನು ಕೊಡಬಾರದಾಗಿತ್ತು. ನುಂಗಿದಿರಾ? ಬೇರೆ ಯಾರಿಗಾದರೂ ಕೊಟ್ಟಿರಾ?’

ಅವಳು ಓದಿದಳು. ನನ್ನ ಮುಖ ನೋಡಿದಳು. ಆಮೇಲೆ ಕೈಚೀಲದ ಒಳಜೇಬಿಗೆ ಕೈ ಹಾಕಿದಳು ಪುಟ್ಟಿ. ಎರಡೂ ಇದ್ದವು. ನಾನು ಕತ್ತರಿಸಿಕೊಟ್ಟ ಆ ಚೂರು ಹಾಗೇ, ಅಂಚು ಕೂಡ ಮುದುಡದೆ.

ಮುಂದಿನ ನಿಲ್ದಾಣದಲ್ಲಿ ಇಳಿದೆ, ಅವಳೂ ಇಳಿದಳು. ಅವಳ ಕೆಲಸಕ್ಕೆ ತಡವಾಗುತ್ತಿತ್ತು, ಆದರೂ ಇಳಿದಳು. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತೆವು. ನಾನು ಕೇಳಿಸದವಳು ಎಂದು ತಿಳಿದು ಅವಳೂ ಪೆನ್ನು ಇಸಿದುಕೊಂಡು ಬರೆದಳು. ಓದಲು ಬರೆಯಲು ಅಷ್ಟಾಗಿ ರೂಢಿ ಇಲ್ಲದ ಕೈ, ಒಂದೊಂದೇ ಅಕ್ಷರ ಕೂರಿಸುತ್ತಾ ಬರೆದಳು.

‘ಬೇಜಾರು ಮಾಡ್ಕೋಬೇಡಿ ಅಕ್ಕಾ. ನೀವು ಪ್ರೀತಿಯಿಂದ ಕೊಟ್ರಿ, ಬೇಡ ಅನ್ನೋಕೆ ಆಗ್ಲಿಲ್ಲ. ಆದ್ರೆ ನೀವ್ಯಾರೋ, ಅದು ಏನು ಮಾತ್ರೆನೋ. ಗೊತ್ತಿಲ್ದೆ ಇರೋರು ಕೊಟ್ಟಿದ್ದನ್ನ ಹೆಂಗೆ ನುಂಗೋದು?’

ನಾನು ಅಲ್ಲೇ ಅತ್ತೆ. ಜೋರಾಗಿಯೇ ಅತ್ತಿರಬೇಕು, ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರು. ಅವಳು ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದಳು. ಎಲ್ಲ ಬರೆದು ಹೇಳಿದೆ, ಆಸ್ಪತ್ರೆ, ಬಿಳಿ ಕಣ, ಒಡೆದ ಗಾಜು. ಮಾತ್ರೆ ಎರಡನ್ನೂ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಮಧ್ಯಾಹ್ನ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಒಪ್ಪಿಸಿ ಬಂದೆ.

ಏಳುವ ಮೊದಲು ಅವಳು ಇನ್ನೊಂದು ಸಾಲು ಬರೆದು ಕೇಳಿದಳು: ‘ನಿಮಗೆ ಯಾರು ಕೊಟ್ಟಿದ್ರು?’

‘ನನ್ನ ತಂಗಿ’ ಎಂದು ಬರೆದೆ.

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಪೆನ್ನು ತೆಗೆದುಕೊಂಡು ಅದರ ಕೆಳಗೇ ಬರೆದಳು:

‘ಹಂಗಾದ್ರೆ ನಾನೂ ನುಂಗ್ತಿದ್ದೆ.’

ಅಕ್ಕ